ಕಂಪನಿ ಹೋದಮೇಲೂ ಬೀಗ ಉಳಿಯಬೇಕೆ? ಶಿರಸಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕಾರ್ಯದರ್ಶಿಗಳು,
ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ,
ಭಾರತ ಸರ್ಕಾರ, ನವದೆಹಲಿ.

ಮಾನ್ಯರೇ,

ಶಿರಸಿ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ನನಗೆ ಇಪ್ಪತ್ತೆರಡು ವರ್ಷವಾಯಿತು. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಉಸ್ತುವಾರಿ 2016ರಿಂದ ನಿಮ್ಮ ಇಲಾಖೆಗೆ ಸೇರಿದ್ದು, ಹಾಗಾಗಿ ಈ ಪತ್ರ ನಿಮಗೆ. ಅಂಚೆಗೆ ಹಾಕಿ ಸುಮ್ಮನಿರಬಹುದಿತ್ತು. ಆದರೆ ವಿಡಿಯೋ ಗೇಮುಗಳಿಗೆ ಹಾಕುವ ಡಿಜಿಟಲ್ ಬೀಗದ, ಅಂದರೆ ಇದು ದುಡ್ಡು ಕೊಟ್ಟು ತಗೊಂಡ ಪ್ರತಿಯೇ ಅಂತ ತಪಾಸಣೆ ಮಾಡಿ ಆಮೇಲೆ ಗೇಮ್ ತೆರೆಯಲು ಬಿಡುವ ಸಾಫ್ಟ್‌ವೇರಿನ ಬಿಸಿ ನಮ್ಮ ಘಟ್ಟದ ಮೇಲಿನ, ಕರಾವಳಿಯ ಎಷ್ಟೋ ಮನೆಗಳ ಮಕ್ಕಳಿಗೆ ತಾಗುತ್ತಿದೆ. ಅವರ ಅಪ್ಪ-ಅಮ್ಮಂದಿರೂ ಓದಲಿ ಅಂತ ಎಲ್ಲರೆದುರು ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗ ಪಿಯುಸಿ ಓದುತ್ತಿದ್ದಾನೆ. ಅವರ ಮನೆ ಘಟ್ಟದ ಅಂಚಿನಲ್ಲಿ, ತೋಟದ ತಲೆಗೆ. ಹೋದ ಕೊಯ್ಲಿನಲ್ಲಿ ಅವನು ದಿನಾ ರಾತ್ರಿ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ. ಮನೆಯದೇ ಅಡಿಕೆಯಾದರೂ ಭಾವ ಉಳಿದವರಿಗೆ ಕೊಡುವ ಹಾಗೆಯೇ ಅವನಿಗೂ ಕೇಜಿ ಲೆಕ್ಕದಲ್ಲಿ ಕೂಲಿ ಕೊಟ್ಟರು. ಬೆರಳ ಸಂದಿಯ ಕಪ್ಪು ಕರೆ ಶಿವರಾತ್ರಿ ಕಳೆದರೂ ಹೋಗಿರಲಿಲ್ಲ. ಆ ದುಡ್ಡಿನಲ್ಲಿ 2,499 ರೂಪಾಯಿ ಕೊಟ್ಟು ಒಂದು ಗೇಮ್ ತಗೊಂಡ. ಕಥೆ ಇರುವ, ಒಬ್ಬನೇ ಕೂತು ಆಡುವ ಗೇಮ್. ಆಡುವುದಕ್ಕೆ ಇಂಟರ್ನೆಟ್ಟಿನ ಹಂಗೇ ಇಲ್ಲ.

ಅದೇ ಗೇಮನ್ನು ಕ್ರ್ಯಾಕ್ ಮಾಡಿ, ಅಂದರೆ ಬೀಗ ಒಡೆದು, ಪೆನ್‌ಡ್ರೈವಿನಲ್ಲಿ ತಂದುಕೊಡುತ್ತೇವೆ ಅಂತ ಅವನ ಜೊತೆಯ ಹುಡುಗರು ಹೇಳಿದ್ದರು. ಬೇಡ ಅಂದವನು ನಾನು. ಯಾರೋ ವರ್ಷಗಟ್ಟಲೆ ಕೂತು ಮಾಡಿದ್ದು, ದುಡ್ಡು ಕೊಟ್ಟೇ ತಗೋ, ನಿಶ್ಚಿಂತೆಯಿಂದ ಆಡು ಅಂದಿದ್ದೆ.

ಜುಲೈ ಬಂತು. ಗಾಳಿಗೆ ಅಡಿಕೆಮರ ಮುರಿದು ಲೈನಿನ ಮೇಲೆ ಬಿತ್ತು, ಕರೆಂಟ್ ಹೋಯಿತು. ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಇದ್ದ ಸಿಗ್ನಲ್ಲೂ ಮರುದಿನ ಹೋಯಿತು. ಕಾಲೇಜಿಗೆ ರಜೆ. ಮನೆಯಲ್ಲಿ ಸೋಲಾರ್ ಇರುವುದರಿಂದ ಲ್ಯಾಪ್‌ಟಾಪ್ ಮಾತ್ರ ನಡೆಯುತ್ತಿತ್ತು. ಆಡಲು ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಯಾವುದು? ಹುಡುಗ ಗೇಮ್ ತೆರೆದರೆ, ಪರವಾನಗಿ ತಪಾಸಣೆಯ ಅವಧಿ ಮುಗಿದಿದೆ, ಇಂಟರ್ನೆಟ್‌ಗೆ ಸೇರಿಸಿ ಮತ್ತೆ ಪ್ರಯತ್ನಿಸಿ ಅಂತ ಬಂತು. ಮೂರು ದಿನ ಅದೊಂದೇ ಮಾತು. ಪಕ್ಕದ ಮನೆಯ ಹುಡುಗ ಪೆನ್‌ಡ್ರೈವಿನ ಗೇಮನ್ನು ಆರಾಮಾಗಿ ಆಡುತ್ತಿದ್ದ.

ನಾಲ್ಕನೇ ದಿನ ಬಸ್ಸು ಬಿಟ್ಟಕೂಡಲೇ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದ. ವೈಫೈ ಸಿಕ್ಕಿದ್ದೇ ತಡ, ಗೇಮ್ ತೆರೆದುಕೊಂಡಿತು. ಅವನು ಆಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ನನ್ನ ಮುಖ ನೋಡಿ ಕೇಳಿದ: "ಮಾವ, ಆನು ದುಡ್ಡು ಕೊಟ್ಟೇ ತಗಂಡಿದ್ದಿ. ಅವಂಗೆ ಆಡಲೆ ಬಿಡ್ತು, ನಂಗೆ ಎಂತಕ್ಕೆ ಬಿಡ್ತಿಲ್ಲೆ?"

ಆ ಕಂಪನಿಗೆ ನಾನೇ ಕೂತು ಮೇಲ್ ಬರೆದೆ. ನಿಮ್ಮ ಇಂಟರ್ನೆಟ್ ಸರಿಯಿದೆಯೇ ನೋಡಿಕೊಳ್ಳಿ ಅಂತ ಉತ್ತರ ಬಂತು. ಹಾಗಾದರೆ ದುಡ್ಡು ವಾಪಸ್ ಕೊಡಿ ಅಂದರೆ, ವಾಪಸ್ ಕೇಳುವ ಅವಧಿ ಮುಗಿದಿದೆ ಅಂದರು. ಹೆಸರು ಇಲ್ಲಿ ಬರೆಯುವುದಿಲ್ಲ. ಆ ಒಂದು ಕಂಪನಿಯ ಮೇಲೆ ದೂರು ಹೇಳುವುದಕ್ಕೆ ಇಷ್ಟುದ್ದ ಬರೆಯಬೇಕಾಗಿರಲಿಲ್ಲ. ಈ ಬೀಗಕ್ಕೆ ಬೆನ್ನೆಲುಬಾಗಿ ನಿಂತಿರುವುದು ನಮ್ಮ ಕಾನೂನು. ಅದಕ್ಕೇ ನಿಮ್ಮ ಬಾಗಿಲಿಗೆ ಬಂದಿದ್ದೇನೆ.

ಗೇಮ್ ಮಾಡುವವರ ಹಕ್ಕನ್ನು ನಾನು ಹಗುರ ಮಾಡುವವನಲ್ಲ. ಪುಣೆಯ ಒಂದು ಸಣ್ಣ ತಂಡ 2020ರಲ್ಲಿ ‘ರಾಜಿ’ ಎಂಬ ಗೇಮ್ ಹೊರತಂದಾಗ ಅಂಗಡಿಗೆ ಬಂದ ಹುಡುಗರಿಗೆಲ್ಲ ತೋರಿಸಿದ್ದೇನೆ, ನಮ್ಮ ದೇಶದವರು ಮಾಡಿದ್ದು ನೋಡಿ ಅಂತ. ಗೇಮಿನ ಸಂಪಾದನೆಯ ದೊಡ್ಡ ಪಾಲು ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲೇ ಆಗುತ್ತದೆ. ಅಷ್ಟು ದಿನ ಬೀಗ ಹಾಕಿಕೊಂಡರೆ ನನ್ನ ತಕರಾರಿಲ್ಲ. ಕೆಲವು ಕಂಪನಿಗಳು ಹಾಗೆಯೇ ಮಾಡುತ್ತವೆ. ಆಸ್ಟ್ರಿಯಾದ ಡೆನುವೊ ಎಂಬ ಬೀಗ 2014ರಿಂದ ದೊಡ್ಡ ಗೇಮುಗಳಲ್ಲಿ ಬರುತ್ತಿದೆ, ಪ್ರೋಗ್ರಾಮಿನ ಒಳಗೇ ಹೆಣೆದಿರುತ್ತಾರೆ. 2016ರ ಮೇ ತಿಂಗಳಲ್ಲಿ ಬಂದ ‘ಡೂಮ್’ ಗೇಮಿನಿಂದ ಅದೇ ಡಿಸೆಂಬರಿನಲ್ಲಿ ಆ ಬೀಗ ತೆಗೆದರು. ವ್ಯಾಪಾರವಾಯಿತು, ಬೀಗ ತೆಗೆದರು. ಅಷ್ಟು ಮಾಡಿದರೆ ಯಾರಿಗೂ ನಷ್ಟವಿಲ್ಲ.

ನನ್ನ ತಕರಾರು ತೆಗೆಯದೇ ಬಿಟ್ಟ ಬೀಗದ ಬಗ್ಗೆ. ಚಾವಿ ಇಟ್ಟುಕೊಂಡವರು ಊರು ಬಿಟ್ಟು ಹೋದಮೇಲೂ ಬಾಗಿಲಲ್ಲಿ ನೇತಾಡುವ ಬೀಗದ ಬಗ್ಗೆ.

ನಾನು ಅಂಗಡಿ ಹಾಕಿದ ಕಾಲಕ್ಕೆ ಬೀಗ ಸಿಡಿಯಲ್ಲೇ ಇರುತ್ತಿತ್ತು. ಸೇಫ್‌ಡಿಸ್ಕ್, ಸೆಕ್ಯುರಾಮ್ ಅಂತೆಲ್ಲ ಹೆಸರು. ಮಾಮೂಲಿ ಸಿಡಿ ರೈಟರಿಗೆ ನಕಲು ಮಾಡಲಾಗದ ಗುರುತುಗಳನ್ನು ಸಿಡಿಯಲ್ಲಿ ಹಾಕಿರುತ್ತಿದ್ದರು, ಗೇಮ್ ತೆರೆಯುವಾಗ ಅಸಲಿ ಸಿಡಿ ಡ್ರೈವಿನಲ್ಲಿದೆಯೇ ಅಂತ ನೋಡುತ್ತಿತ್ತು. ನಮ್ಮ ಮಳೆಗಾಲಕ್ಕೆ ಸಿಡಿಗೆ ಬೂಷ್ಟು ಹಿಡಿಯುವುದು ಹೊಸದಲ್ಲ. ಒದ್ದೆ ಹತ್ತಿಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ, ಒಣಗಿಸಿ, ಎಷ್ಟು ಸಿಡಿ ಉಳಿಸಿ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಸಿಡಿ ಉಳಿದರೆ ಗೇಮ್ ಉಳಿಯಿತು ಅಂದುಕೊಂಡಿದ್ದೆವು. ಆದರೆ ಆ ಬೀಗದ ಕೆಲಸಕ್ಕೆ ವಿಂಡೋಸಿನ ಆಳದಲ್ಲಿ ಡ್ರೈವರ್ ಎಂಬ ಒಂದು ಸಣ್ಣ ಪ್ರೋಗ್ರಾಮ್ ಕೂರಬೇಕಿತ್ತು. 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದೇ ಸೆಪ್ಟೆಂಬರಿನ ಸೆಕ್ಯುರಿಟಿ ಅಪ್‌ಡೇಟ್ ಹಳೆಯ ವಿಂಡೋಸ್‌ಗಳಲ್ಲೂ ಸೇಫ್‌ಡಿಸ್ಕಿನ ಡ್ರೈವರನ್ನು ಬಂದ್ ಮಾಡಿತು. ಅಷ್ಟು ಆಳದಲ್ಲಿ ಕೂತ ಹಳೇ ಡ್ರೈವರ್ ಕಳ್ಳರಿಗೆ ಹಿತ್ತಿಲ ಬಾಗಿಲಾಗುತ್ತದೆ, ಆ ನಿರ್ಧಾರ ಸರಿಯೇ. ಆದರೆ ಅದರ ಫಲ ನೋಡಿ: ಅಸಲಿ ಸಿಡಿಯ ಗೇಮ್ ನಿಂತಿತು, ಬೀಗ ಒಡೆದ ಕಳ್ಳಪ್ರತಿ ನಡೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಅನ್ನುವ ಮಾತಿಗೆ ಇದಕ್ಕಿಂತ ತಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

ಆಮೇಲೆ ಬೀಗ ಸಿಡಿಯಿಂದ ಸರ್ವರಿಗೆ, ಅಂದರೆ ಇಂಟರ್ನೆಟ್ ಮೂಲಕ ಸಿಗುವ ಕಂಪನಿಯ ಕಂಪ್ಯೂಟರಿಗೆ ಹೋಯಿತು. 2008ರಲ್ಲಿ ‘ಸ್ಪೋರ್’ ಎಂಬ ಗೇಮನ್ನು ಮೂರೇ ಕಂಪ್ಯೂಟರಿಗೆ ಹಾಕಬಹುದು ಅಂತ ಮಿತಿ ಇಟ್ಟರು. ಜನ ಗಲಾಟೆ ಮಾಡಿದಮೇಲೆ ಅದು ಐದಾಯಿತು. 2013ರ ಮಾರ್ಚಿನಲ್ಲಿ ಬಂದ ‘ಸಿಮ್‌ಸಿಟಿ’ಗೆ ಸದಾ ಇಂಟರ್ನೆಟ್ ಬೇಕಿತ್ತು. ಮೊದಲ ದಿನಗಳಲ್ಲಿ ಸರ್ವರೇ ಕುಸಿದು ದುಡ್ಡು ಕೊಟ್ಟವರೆಲ್ಲ ಹೊರಗೆ ನಿಂತರು. ಇಂಟರ್ನೆಟ್ ಇಲ್ಲದೆ ಈ ಗೇಮ್ ನಡೆಸುವುದು ಸುಲಭವಲ್ಲ ಅಂತ ಆಗ ಸಮಜಾಯಿಷಿ ಬಂತು. ವರ್ಷ ಕಳೆದು 2014ರ ಮಾರ್ಚಿನಲ್ಲಿ ಆಫ್‌ಲೈನ್ ಮೋಡ್ ಕೊಟ್ಟೇಬಿಟ್ಟರು. ಸುಲಭವಲ್ಲ ಅಂದಿದ್ದು ಹನ್ನೆರಡು ತಿಂಗಳಲ್ಲಿ ಆಯಿತು. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಕಂಪನಿಯವರು ನಿಮ್ಮ ಮುಂದೆ ಬಂದು ಸಾಧ್ಯವೇ ಇಲ್ಲ ಅಂದಾಗ ಬೇಕಾಗುತ್ತದೆ.

‘ದಿ ಕ್ರೂ’ ಎಂಬ ಕಾರ್ ರೇಸಿನ ಗೇಮ್ 2014ರ ಡಿಸೆಂಬರಿನಲ್ಲಿ ಬಂತು. ಯೂಬಿಸಾಫ್ಟ್ ಕಂಪನಿ 2023ರ ಡಿಸೆಂಬರಿನಲ್ಲಿ ಅದರ ಮಾರಾಟ ನಿಲ್ಲಿಸಿತು, 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಮಾಡಿತು. ಅಮೆರಿಕದ ರಸ್ತೆಗಳಲ್ಲಿ ಒಬ್ಬರೇ ಕಾರು ಓಡಿಸಿಕೊಂಡು ಹೋಗಲೂ ಆ ಸರ್ವರ್ ಬೇಕಿತ್ತು. ಡಿಸ್ಕ್ ಕೊಂಡು ಕಪಾಟಿನಲ್ಲಿ ಇಟ್ಟುಕೊಂಡವರ ಕೈಯಲ್ಲಿ ಆಗ ಬರೀ ಡಿಸ್ಕ್ ಉಳಿಯಿತು. ಇದರಿಂದ ಸಿಟ್ಟಿಗೆದ್ದ ಜನ ರಾಸ್ ಸ್ಕಾಟ್ ಎಂಬವರ ಮುಂದಾಳತ್ವದಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಚಳವಳಿ ಕಟ್ಟಿದರು. ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಸಹಿ ಹಾಕಿದ್ದಾರೆ. ಸರ್ವರನ್ನು ಕಾಲಕಾಲಕ್ಕೂ ನಡೆಸಿ ಅಂತ ಅವರೂ ಕೇಳುತ್ತಿಲ್ಲ. ನಿಲ್ಲಿಸುವ ಮುಂಚೆ, ಕೊಂಡವರು ಆಡಿಕೊಳ್ಳುವ ಹಾಗೆ ಬಿಟ್ಟುಹೋಗಿ ಅನ್ನುತ್ತಿದ್ದಾರೆ. ಅದೇ ಕಂಪನಿ 2024ರಲ್ಲೇ, ಆ ಗೇಮಿನ ಮುಂದಿನ ಭಾಗಗಳಿಗೆ ಆಫ್‌ಲೈನ್ ಮೋಡ್ ಕೊಡುತ್ತೇವೆ ಅಂತ ಒಪ್ಪಿಕೊಂಡಿತು.

ಈಗ ನಮ್ಮ ಕಾಯ್ದೆಗೆ ಬರುತ್ತೇನೆ. ನಾನು ವಕೀಲನಲ್ಲ. ಆದರೆ ದಿನಾ ಇದರ ನಡುವೆಯೇ ಕೆಲಸ ಮಾಡುವವನಾಗಿ ಸಂಬಂಧಪಟ್ಟ ಕಲಂಗಳನ್ನು ಮತ್ತೆಮತ್ತೆ ಓದಿದ್ದೇನೆ.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಕಲಂ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಉದ್ದೇಶ ಅನ್ನುವ ಆ ಒಂದು ಮಾತಿಗೆ ನಾನು ಕೈಮುಗಿಯುತ್ತೇನೆ. ಅಮೆರಿಕದ 1998ರ ಕಾನೂನಿನಲ್ಲಿ ಬೀಗ ಒಡೆಯುವುದೇ ತಪ್ಪು. ರಿಪೇರಿಗೆ, ಸಂರಕ್ಷಣೆಗೆ ಅಂತ ಮೂರು ವರ್ಷಕ್ಕೊಮ್ಮೆ ವಿನಾಯಿತಿ ಬೇಡಬೇಕು. ಟ್ರ್ಯಾಕ್ಟರಿನ ಸಾಫ್ಟ್‌ವೇರ್ ಬೀಗ ತೆಗೆದು ರಿಪೇರಿ ಮಾಡಿಕೊಳ್ಳಲು ಅಲ್ಲಿಯ ರೈತರಿಗೆ ಒಪ್ಪಿಗೆ ಸಿಕ್ಕಿದ್ದೇ 2015ರಲ್ಲಿ. ಪರಿಶೀಲನೆಯ ಸರ್ವರ್ ಬಂದ್ ಆದ ಗೇಮುಗಳಿಗೂ ಅದೇ ವರ್ಷ ಸಣ್ಣದೊಂದು ವಿನಾಯಿತಿ ಸಿಕ್ಕಿತು. ನಮ್ಮ ಕಾಯ್ದೆ ಬರೆದವರು ಅವರಿಗಿಂತ ಹೆಚ್ಚು ಯೋಚಿಸಿದ್ದಾರೆ. ಕಾಯ್ದೆ ನಿಷೇಧಿಸದ ಯಾವ ಕೆಲಸಕ್ಕಾದರೂ ಬೀಗ ತೆಗೆಯಬಹುದು ಅಂತ 65ಎ ಕಲಂನಲ್ಲೇ ಇದೆ. ಕಾನೂನುಬದ್ಧವಾಗಿ ಪಡೆದ ಪ್ರೋಗ್ರಾಮಿಗೆ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು 52ನೇ ಕಲಂ ಒಪ್ಪುತ್ತದೆ.

ತೊಡಕು ಆಚೆಗಿದೆ. ಬೇರೆಯವರಿಗೆ ಬೀಗ ತೆಗೆದುಕೊಡುವವನು ಅವರ ಹೆಸರು, ವಿಳಾಸ, ಉದ್ದೇಶ ಎಲ್ಲ ಬರೆದಿಡಬೇಕು ಅಂತ ಅದೇ ಕಲಂ ಹೇಳುತ್ತದೆ. ಬರೆದಿಡಲು ನಾನು ತಯಾರಿದ್ದೇನೆ. ಆದರೆ ಹೇಗೆ ಬರೆಯಬೇಕು, ಯಾರಿಗೆ ತೋರಿಸಬೇಕು, ಗಿರಾಕಿ ತಂದ ಅಸಲಿ ಸಿಡಿ ಮತ್ತು ಬಿಲ್ಲು ಸಾಕೋ ಬೇಡವೋ? ಹೇಳುವವರಿಲ್ಲ. ಎರಡು ವರ್ಷ ಜೈಲು ಅನ್ನುವ ಮಾತು ಮಾತ್ರ ಎಲ್ಲರಿಗೂ ಗೊತ್ತು. ಹಾಗಾಗಿ ಶಿರಸಿ, ಕುಮಟಾ, ಕಾರವಾರದ ಪ್ರಾಮಾಣಿಕ ರಿಪೇರಿಯವನು ಅಸಲಿ ಸಿಡಿ ಹಿಡಿದು ಬಂದವರಿಗೆ ಕೈಮುಗಿದು ಇಲ್ಲ ಅನ್ನುತ್ತಾನೆ. ಆ ಗಿರಾಕಿ ಮನೆಗೆ ಹೋಗಿ ಕಳ್ಳಪ್ರತಿ ಹುಡುಕುತ್ತಾನೆ, ಅದರ ಜೊತೆಗೆ ವೈರಸ್ಸೂ ಬರುತ್ತದೆ, ವಾರ ಬಿಟ್ಟು ಅದೇ ಲ್ಯಾಪ್‌ಟಾಪ್ ನನ್ನ ಮೇಜಿಗೆ ಬರುತ್ತದೆ. ಇನ್ನು ಅರ್ಧ ಗೇಮೇ ಸರ್ವರಿನಲ್ಲಿದ್ದರೆ ಒಡೆಯಲು ಬೀಗವೂ ಇಲ್ಲ, ಮನೆಯೂ ಇಲ್ಲ. ಕಾಯ್ದೆ ಕೊಟ್ಟ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಇನ್ನೊಂದು ವಿಷಯ ನನಗೆ ಹೆಚ್ಚು ಬೇಸರ ತಂದದ್ದು. ನಮ್ಮ ಕಾಯ್ದೆಯ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯಕೃತಿಯೇ. ಬರೆದವರು ತೀರಿಕೊಂಡಮೇಲೂ 60 ವರ್ಷ ಅದಕ್ಕೆ ರಕ್ಷಣೆ. ಸಾಹಿತ್ಯಕೃತಿ ಅಂದಮೇಲೆ ಗ್ರಂಥಾಲಯವೂ ಬೇಕಲ್ಲ? ಶಿರಸಿಯಲ್ಲಿ ಪ್ರಕಟವಾದ ಸಣ್ಣ ಕವನ ಸಂಕಲನದ ಪ್ರತಿಯನ್ನೂ ಪ್ರಕಾಶಕರು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಇನ್ನು ಮೂರು ಗ್ರಂಥಾಲಯಗಳಿಗೆ ಕಳಿಸಬೇಕು, 1954ರಿಂದ ಅದಕ್ಕೊಂದು ಕಾನೂನಿದೆ. ಗೇಮಿಗೆ ಅಂಥದ್ದು ಯಾವುದೂ ಇಲ್ಲ. ಗ್ರಂಥಾಲಯವೊಂದು ತಾನಾಗಿ ಗೇಮನ್ನು ಜೋಪಾನ ಮಾಡುತ್ತೇನೆ ಅಂದರೂ ದಾರಿಯಿಲ್ಲ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಎಲೆಕ್ಟ್ರಾನಿಕ್ ಪ್ರತಿ ಇಟ್ಟುಕೊಳ್ಳಲು 52(1)(ಎನ್) ಕಲಂ ಬಿಡುತ್ತದೆ, ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕಂತೆ. ಹುಟ್ಟಿದ್ದೇ ಡಿಜಿಟಲ್ ಆಗಿರುವ ಗೇಮಿಗೆ ಡಿಜಿಟಲ್ ಅಲ್ಲದ ಪ್ರತಿ ಎಲ್ಲಿಂದ ತರುವುದು? ಪುಸ್ತಕವನ್ನು ಕಣ್ಣೆದುರು ಇಟ್ಟುಕೊಂಡು ಬರೆದ ವಾಕ್ಯ ಅದು. ಬರೆದವರದ್ದು ದುರುದ್ದೇಶ ಅಂತ ನಾನು ಹೇಳುವುದಿಲ್ಲ, ಆದರೆ ತಿದ್ದಲೇಬೇಕಾದ ವಾಕ್ಯ.

ನಮ್ಮ ಜಿಲ್ಲೆ ಯಕ್ಷಗಾನದ ಜಿಲ್ಲೆ. ಹೊನ್ನಾವರದ ಕಡೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇವತ್ತಿಗೂ ಗೆಜ್ಜೆ ಕಟ್ಟುತ್ತಿದೆ. ಕಟ್ಟಿ ಕೆಲವೇ ವರ್ಷಕ್ಕೆ ನಿಂತುಹೋದ ಮೇಳಗಳೂ ಇವೆ. ಮೇಳ ನಿಂತರೆ ಡೇರೆ ಬಿಚ್ಚುತ್ತಾರೆ, ವೇಷದ ಪೆಟ್ಟಿಗೆ ಯಾರದೋ ಅಟ್ಟ ಸೇರುತ್ತದೆ. ಪ್ರಸಂಗ ಮಾತ್ರ ನಿಲ್ಲುವುದಿಲ್ಲ. ಭಾಗವತರು ಕೈಯಲ್ಲಿ ನಕಲು ಮಾಡಿಕೊಂಡ ಪಟ್ಟಿಯಿಂದ ಇನ್ನೊಬ್ಬ ಭಾಗವತರು ಬರೆದುಕೊಂಡಿರುತ್ತಾರೆ, ಬೇರೆ ಮೇಳ ಬೇರೆ ಊರಲ್ಲಿ ಅದನ್ನೇ ಆಡುತ್ತದೆ. ಮೇಳದ ಯಜಮಾನರು ತಿರುಗಾಟ ನಿಲ್ಲಿಸಿದ ದಿನವೇ ಆ ಪ್ರಸಂಗ ಎಲ್ಲರ ಪಟ್ಟಿಯಿಂದ ಅಳಿಸಿಹೋಗುವಂತಿದ್ದರೆ ನಮಗೆ ಏನು ಉಳಿಯುತ್ತಿತ್ತು? ಗೇಮುಗಳಿಗೆ ಆಗುತ್ತಿರುವುದು ಅದೇ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ಹೇಳಿತು: ಆ ದೇಶದಲ್ಲಿ 2010ಕ್ಕಿಂತ ಮುಂಚೆ ಬಂದ ಗೇಮುಗಳಲ್ಲಿ ನೂರಕ್ಕೆ 87ರಷ್ಟು ಈಗ ಕೊಳ್ಳಲು ಸಿಗುವುದಿಲ್ಲ. ಅಷ್ಟನ್ನೂ ಬೀಗವೇ ನುಂಗಿತು ಅನ್ನಲಾರೆ. ಆದರೆ ಮಾರುವವರಿಲ್ಲದ ಗೇಮನ್ನು ಉಳಿಸಿಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವುದು ಆ ಬೀಗವೇ.

ಗುಡ್ಡ ಕುಸಿಯುವ ಜಿಲ್ಲೆಯಿಂದ ಗೇಮಿನ ದೂರು ಬರೆಯುತ್ತಾನಲ್ಲ ಅಂತ ಯಾರಾದರೂ ಕೇಳಬಹುದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಏನಾಯಿತು ಅನ್ನುವುದು ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಆ ದುಃಖದ ಪಕ್ಕದಲ್ಲಿ ಇದನ್ನು ಇಡುತ್ತಿಲ್ಲ. ಆದರೆ 65ಎ ಕಲಂ ಗೇಮಿಗೆ ಮಾತ್ರ ಬರೆದದ್ದಲ್ಲ. ನಾಳೆ ನಮ್ಮ ಮಕ್ಕಳ ಪಠ್ಯದ ಇ-ಪುಸ್ತಕಕ್ಕೆ, ಕಲಿಕೆಯ ಆ್ಯಪಿಗೆ, ತೋಟದ ಪಂಪಿನ ಕಂಟ್ರೋಲರಿಗೆ ಇದೇ ಬೀಗ ಬರುತ್ತದೆ. ಮಳೆಗಾಲದಲ್ಲಿ ಸಿಗ್ನಲ್ ಇಲ್ಲದ ಊರುಗಳಿಗೆ ಅದು ಮೊದಲು ತಾಗುತ್ತದೆ. ಗೇಮಿನಲ್ಲಿ ಈಗಲೇ ಸರಿಮಾಡಿದರೆ ಉಳಿದ ಕಡೆ ದಾರಿ ಸುಲಭ. ಕೊಳ್ಳೆ ಹೊಡೆದಮೇಲೆ ಕೋಟೆ ಬಾಗಿಲು ಹಾಕುವುದು ಬೇಡ.

ಹಾಗಾಗಿ ಕೇಳುತ್ತಿದ್ದೇನೆ. ಬೀಗಕ್ಕೆ ಕಾನೂನು ರಕ್ಷಣೆ ಕೊಡುವಾಗ ಒಂದು ಷರತ್ತು ಹಾಕಿ: ಸರ್ವರ್ ಬಂದ್ ಮಾಡುವ ಕಂಪನಿ, ಅದಕ್ಕೂ ಮುಂಚೆ, ಕೊಂಡವರಿಗೆ ಬೀಗವಿಲ್ಲದ ಪ್ರತಿ ಕೊಡಬೇಕು ಅಥವಾ ಪರಿಶೀಲನೆ ತೆಗೆದುಹಾಕಬೇಕು. ಹಾಗೆ ಮಾಡದ ಕಂಪನಿಯ ಬೀಗಕ್ಕೆ ಆ ದಿನದಿಂದ 65ಎ ರಕ್ಷಣೆ ಇರಬಾರದು. ಕೃತಿಸ್ವಾಮ್ಯ ಅವರದ್ದೇ ಇರಲಿ. ಇನ್ನೊಬ್ಬರು ಆ ಗೇಮನ್ನು ಮಾರಿದರೆ ಶಿಕ್ಷೆಯಾಗಲಿ. ಇಂಟರ್ನೆಟ್ ಇಲ್ಲದೆ ಆಡಬಹುದಾದ ಗೇಮಿಗೆ ಇಂಟರ್ನೆಟ್ ತಪಾಸಣೆ ಇಟ್ಟರೆ, ಒಮ್ಮೆ ನೋಡಿದ್ದು ಕನಿಷ್ಠ ಒಂದು ಮಳೆಗಾಲವಾದರೂ ನಡೆಯಲಿ. ಜೂನಿನಿಂದ ಸೆಪ್ಟೆಂಬರ್, ನಾಲ್ಕು ತಿಂಗಳು. ನಮ್ಮ ಕಡೆಯವರಿಗೆ ಇದು ದೊಡ್ಡ ಮಾತು. 52(1)(ಎನ್) ಕಲಂನಿಂದ ಡಿಜಿಟಲ್ ಅಲ್ಲದ ಪ್ರತಿ ಅನ್ನುವ ಅಡ್ಡಿಯನ್ನು ತೆಗೆಯಿರಿ. ರಿಪೇರಿ ಮಾಡುವವರು ಇಡಬೇಕಾದ ದಾಖಲೆಯ ನಮೂನೆಯನ್ನು ಪ್ರಕಟಿಸಿ. ಇದಕ್ಕೆ ಸಂಸತ್ತಿಗೂ ಹೋಗಬೇಕಿಲ್ಲ, ಒಂದು ಪುಟದ ವಿವರಣೆ ಸಾಕಾದೀತು.

ಇನ್ನೊಂದು ಕೋರಿಕೆ ಗ್ರಾಹಕ ವ್ಯವಹಾರ ಇಲಾಖೆಗೆ ಸೇರಿದ್ದು, ಈ ಪತ್ರದ ಪ್ರತಿ ಅವರಿಗೂ ಹೋಗುತ್ತಿದೆ. ಅಂಗಡಿಯ ಪುಟದಲ್ಲಿ ‘ಖರೀದಿಸಿ’ ಅಂತ ಗುಂಡಿ ಇಟ್ಟು, ಷರತ್ತುಗಳ ನಲವತ್ತನೇ ಪ್ಯಾರಾದಲ್ಲಿ ಇದು ಖರೀದಿಯಲ್ಲ, ಹಿಂತೆಗೆದುಕೊಳ್ಳಬಹುದಾದ ಪರವಾನಗಿ ಮಾತ್ರ ಅನ್ನುವುದು ಸರಿಯೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ತಡೆಯಲು ಕಾನೂನು ಮಾಡಿದೆ, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಕೊಡುತ್ತಿರುವುದು ಪರವಾನಗಿ ಅಂತ ದುಡ್ಡು ತಗೊಳ್ಳುವ ಮುಂಚೆಯೇ ಸ್ಪಷ್ಟವಾಗಿ ಹೇಳಬೇಕು. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಆನ್‌ಲೈನ್ ತಂತ್ರಗಳನ್ನು ಹೆಸರಿಸಿ ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆ ಪಟ್ಟಿಗೆ ಈ ಗುಂಡಿಯನ್ನೂ ಸೇರಿಸಬಹುದಲ್ಲ?

ಬೀಗವಿಲ್ಲದೆ ವ್ಯಾಪಾರವೇ ನಡೆಯುವುದಿಲ್ಲ ಅನ್ನುವವರು ಪೋಲೆಂಡಿನಲ್ಲಿ ಶುರುವಾದ ‘ಗಾಗ್’ ಅಂಗಡಿಯನ್ನು ನೋಡಲಿ. 2008ರಿಂದ ಗೇಮುಗಳನ್ನು ಬೀಗವಿಲ್ಲದೆ ಮಾರುತ್ತಿದೆ. ಕೊಂಡಮೇಲೆ ಇನ್‌ಸ್ಟಾಲರ್ ಫೈಲ್ ಇಳಿಸಿಕೊಂಡು ಹಾರ್ಡ್‌ಡಿಸ್ಕಿನಲ್ಲಿ ಹಾಕಿ ಇಟ್ಟರೆ ಆಯಿತು, ಆಮೇಲೆ ಯಾರನ್ನೂ ಕೇಳಬೇಕಿಲ್ಲ.

ಮೊನ್ನೆ ಭಾನುವಾರ ತಂಗಿ ಮನೆಗೆ ಹೋಗಿದ್ದೆ. ಗೊನೆ ಬಲಿಯುತ್ತಿದೆ, ಈ ಸಲ ಕೊಳೆರೋಗ ಅಷ್ಟಾಗಿ ಬಾಧಿಸಿಲ್ಲ, ಭಾವ ಮಾಳಿಗೆಯಿಂದ ಮೆಟ್ಟುಗತ್ತಿಗಳನ್ನು ಇಳಿಸಿ ಹರಿತ ಮಾಡಿಸಲು ಇಟ್ಟಿದ್ದರು. ಅಳಿಯ ಈ ವರ್ಷವೂ ಸುಲಿಯಲು ಕೂರುತ್ತಾನೆ. ಈ ಸಲದ ದುಡ್ಡಿನಲ್ಲಿ ಯಾವ ಗೇಮ್ ತಗೊಳ್ಳಲಿ ಅಂತ ಕೇಳಿದ. ಕೊಯ್ಲು ಮುಗಿಯಲಿ, ಆಮೇಲೆ ಹೇಳುತ್ತೇನೆ ಅಂದಿದ್ದೇನೆ. ಪಕ್ಕದ ಮನೆಯ ಹುಡುಗನೂ ಅಲ್ಲೇ ಜಗಲಿಯಲ್ಲಿ ಕೂತು ನಮ್ಮ ಮಾತು ಕೇಳುತ್ತಿದ್ದ. ಅವರಿಬ್ಬರಿಗೂ ಒಂದೇ ಉತ್ತರ ಕೊಡಬೇಕು ಅಂತ ನನ್ನ ಆಸೆ. ಕೊಯ್ಲು ಮುಗಿಯಲು ಇನ್ನು ನಾಲ್ಕೈದು ತಿಂಗಳಿದೆ. ಅಷ್ಟರಲ್ಲಿ ನಿಮ್ಮ ಇಲಾಖೆಯಿಂದ ಒಂದು ಕಾಗದ ಬರಲಿ ಅಂತ ಕಾಯುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಶಿರಸಿಯ ಒಬ್ಬ ಕಂಪ್ಯೂಟರ್ ರಿಪೇರಿಗಾರ